ಕೇಳದೆ ಉಂಡ ಊಟ

ಸಿಂಗಾಪುರದ ಹಾಕರ್ ಸೆಂಟರುಗಳಲ್ಲಿ, ಅಂದರೆ ಒಂದೇ ಸೂರಿನಡಿ ಹತ್ತಾರು ಊಟದ ಅಂಗಡಿಗಳಿರುವ ಜಾಗಗಳಲ್ಲಿ, ಊಟ ಆದಮೇಲೆ ತಟ್ಟೆಯನ್ನು ನಾವೇ ಎತ್ತಿಕೊಂಡು ಹೋಗಿ ಇಡಬೇಕು. ಇಡುವುದಕ್ಕೆ ಎರಡು ಸ್ಟ್ಯಾಂಡ್ ಇರುತ್ತವೆ. ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದವಕ್ಕೆ. ಹಂದಿಮಾಂಸ ತಿಂದ ತಟ್ಟೆ ಮುಸ್ಲಿಮರು ತಿನ್ನುವ ತಟ್ಟೆಯ ಜೊತೆ ಒಂದೇ ಕಡೆ ಬೀಳಬಾರದು ಅನ್ನುವ ಕಾಳಜಿ ಅದು. ಬಂದ ಹೊಸತರಲ್ಲಿ ನನಗೆ ಇದೆಲ್ಲ ಗೊತ್ತಿರಲಿಲ್ಲ. ಇಡ್ಲಿ ತಿಂದ ತಟ್ಟೆಯನ್ನು ಹಲಾಲ್ ಸ್ಟ್ಯಾಂಡಿನಲ್ಲಿ ಇಡಲು ಹೋದೆ. ಅಲ್ಲಿ ಕ್ಲೀನ್ ಮಾಡುತ್ತಿದ್ದ ಅಜ್ಜಿ ಕೈ ಅಡ್ಡ ಹಿಡಿದು, ನಗುತ್ತಾ ಪಕ್ಕದ ಸ್ಟ್ಯಾಂಡ್ ತೋರಿಸಿದರು.

ಆಫೀಸಿನ ನಾವು ನಾಲ್ಕು ಜನ ವಾರಕ್ಕೆ ಎರಡು ಮೂರು ಸಲ ಹೀಗೆ ಊಟಕ್ಕೆ ಹೋಗುತ್ತಿದ್ದೆವು. ಕೂರುವುದು ಒಂದೇ ಟೇಬಲ್ಲಿಗೆ. ಊಟ ಮಾತ್ರ ನಾಲ್ಕು ಅಂಗಡಿಯದು. ತಿಂದು ಎದ್ದಮೇಲೆ ಇಬ್ಬರು ಆ ಕಡೆ ಹೋಗುತ್ತಿದ್ದರು, ಇಬ್ಬರು ಈ ಕಡೆ. ಮೆಟ್ಟಿಲ ಹತ್ತಿರ ಮತ್ತೆ ಸೇರುತ್ತಿದ್ದೆವು. ಅದರಲ್ಲಿ ಯಾರಿಗೂ ಬೇಸರ ಇರಲಿಲ್ಲ. ಬೇರೆ ತಟ್ಟೆ ಇರುವುದರಿಂದಲೇ ನಾವು ಒಂದೇ ಟೇಬಲ್ಲಿಗೆ ಕೂರಲು ಆಗುತ್ತಿತ್ತು.

ಆ ನಾಲ್ವರಲ್ಲಿ ಒಬ್ಬರು ನಮಗಿಂತ ದೊಡ್ಡವರು, ಮಲಯ್ ಮನೆತನದವರು. ಅವರನ್ನು ನಾವೆಲ್ಲ 'ಕಾಕ್' ಅಂತ ಕರೆಯುತ್ತೇವೆ. ಮಲಯ್ ಭಾಷೆಯಲ್ಲಿ ಹಾಗಂದರೆ ಅಕ್ಕ. ಇನ್ನೊಬ್ಬ ಇಲ್ಲೇ ಹುಟ್ಟಿ ಬೆಳೆದ ಚೀನೀ ಹುಡುಗ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು. ಮೂರನೆಯವಳು ಭಟ್ಕಳದವಳು. ನಾನು ಶಿರಸಿಯ ಕಡೆಯವಳು. ಅವಳದೂ ನನ್ನದೂ ಒಂದೇ ಜಿಲ್ಲೆ. ಘಟ್ಟ ಇಳಿದು, ಕುಮಟಾ ಹೊನ್ನಾವರ ದಾಟಿದರೆ ಅವಳ ಊರು. ನಾನು ಬೆಳೆಯುವಾಗ ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಮುರ್ಡೇಶ್ವರಕ್ಕೆ ಹೋಗಿದ್ದೇನೆ. ಆದರೆ ಭಟ್ಕಳದ ಒಂದು ಮನೆಯ ಒಳಗೂ ಕಾಲಿಟ್ಟಿರಲಿಲ್ಲ. ಅವಳೂ ಅಷ್ಟೇ. ಮಾರಿಕಾಂಬಾ ಜಾತ್ರೆಗೆ ಬಂದು ಬಳೆ ತೆಗೆದುಕೊಂಡು ಹೋಗಿದ್ದು ಬಿಟ್ಟರೆ ಶಿರಸಿಯಲ್ಲಿ ಅವಳಿಗೆ ಯಾರೂ ಗೊತ್ತಿರಲಿಲ್ಲ. ನಾವಿಬ್ಬರು ಮೊದಲ ಸಲ ಎದುರುಬದುರು ಕೂತು ಉಂಡದ್ದು ಸಿಂಗಾಪುರದಲ್ಲಿ.

ಆ ಚೀನೀ ಹುಡುಗನಿಗೆ ಸ್ವೀಡನ್ನಿನ ಯೋಟೆಬೋರಿ ಊರಲ್ಲಿ ಕೆಲಸ ಸಿಕ್ಕಿತು. ಗೋಥೆನ್‌ಬರ್ಗ್ ಅಂತ ನಾವು ಓದುವ ಊರು ಅದೇ. ಬೀಳ್ಕೊಡುಗೆ ಊಟ ಎಲ್ಲಿ ಅನ್ನುವ ಮಾತು ಬಂತು. ಅವನೇ ಹೇಳಿದ, 'ಬೀಚ್ ರೋಡಿನಲ್ಲಿ ಒಂದು ಸ್ವೀಡಿಷ್ ಕೆಫೆ ಇದೆ. ಹಲಾಲ್. ಅಲ್ಲಿಗೇ ಹೋಗೋಣ. ಹೋಗುವ ಮೊದಲು ನಾನು ಅಲ್ಲಿನ ಊಟ ಒಂದು ಸಲ ತಿಂದು ನೋಡಿದ ಹಾಗೂ ಆಯ್ತು, ಎಲ್ಲರೂ ತಿಂದ ಹಾಗೂ ಆಯ್ತು.' ಇಪ್ಪತ್ತೇಳರ ಹುಡುಗ. ತನ್ನ ಬೀಳ್ಕೊಡುಗೆ ಊಟಕ್ಕೆ ತನಗೆ ಇಷ್ಟವಾದ ಹಂದಿಮಾಂಸದ ಅಂಗಡಿ ಹೇಳಬಹುದಿತ್ತು. ಎಲ್ಲರೂ ತಿನ್ನುವ ಜಾಗವನ್ನು ಹುಡುಕಿದ್ದ. ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂತು.

ಕೆಫೆಯ ಹೆಸರು ಫಿಕಾ. ಸ್ವೀಡನ್ನಿನಲ್ಲಿ ಕೆಲಸದ ನಡುವೆ ಎಲ್ಲ ಬಿಟ್ಟು, ಜೊತೆಗಾರರ ಸಂಗಡ ಕಾಫಿ ಮತ್ತು ಏನಾದರೂ ಸಿಹಿ ತಿನ್ನುತ್ತಾ ಕೂರುವುದಕ್ಕೆ ಫಿಕಾ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಆಡುಮಾತಿನಲ್ಲಿ ಕಾಫಿಗೆ ಇದ್ದ 'ಕಫಿ' ಅನ್ನುವ ಪದವನ್ನು ಹಿಂದುಮುಂದು ಮಾಡಿ 'ಫಿಕಾ' ಆಯಿತಂತೆ. ಮಕ್ಕಳು ಗುಟ್ಟಿನ ಭಾಷೆ ಮಾತಾಡುವಾಗ ಅಕ್ಷರ ತಿರುಗಿಸುತ್ತಾರಲ್ಲ, ಹಾಗೆ.

ಆ ಶನಿವಾರ ನಾನು ಸ್ವಲ್ಪ ಬೇಗ ಹೋಗಿದ್ದೆ. ಬುಗಿಸ್ ಸ್ಟೇಷನ್ನಿನಲ್ಲಿ ಇಳಿದು ಅರಬ್ ಸ್ಟ್ರೀಟಿನ ಬಟ್ಟೆ ಅಂಗಡಿಗಳ ಮುಂದೆ ನಡೆದು ಬಂದೆ. ಈ ಜಾಗದ ಹೆಸರು ಕಂಪೊಂಗ್ ಗ್ಲಾಮ್. ಕಂಪೊಂಗ್ ಅಂದರೆ ಹಳ್ಳಿ. ಗೆಲಮ್ ಒಂದು ಮರ, ದೋಣಿಯ ಹಲಗೆ ಸಂದಿಗೆ ಅದರ ತೊಗಟೆ ತುಂಬುತ್ತಿದ್ದರು. 1822ರಲ್ಲಿ ಬ್ರಿಟಿಷರು ಊರಿನ ನಕ್ಷೆ ಮಾಡಿದಾಗ ಈ ಭಾಗವನ್ನು ಸುಲ್ತಾನನಿಗೂ ಮಲಯ್, ಅರಬ್, ಬುಗಿಸ್ ಜನರಿಗೂ ಬಿಟ್ಟುಕೊಟ್ಟರು. ಬೀಚ್ ರೋಡಿನಲ್ಲಿ ಈಗ ಬೀಚ್ ಇಲ್ಲ. ಒಂದು ಕಾಲಕ್ಕೆ ಸಮುದ್ರ ಇದೇ ರಸ್ತೆಯ ಬದಿಗೆ ಬಂದು ಬಡಿಯುತ್ತಿತ್ತು. ಆಮೇಲೆ ಮಣ್ಣು ತುಂಬುತ್ತಾ ತುಂಬುತ್ತಾ ಅದನ್ನು ದೂರ ತಳ್ಳಿದರು.

ಸುಲ್ತಾನ್ ಮಸೀದಿಯ ಬಂಗಾರದ ಗುಮ್ಮಟ ಅಲ್ಲಿಂದ ಕಾಣುತ್ತದೆ. ಈಗಿರುವ ಕಟ್ಟಡ 1932ರಲ್ಲಿ ಮುಗಿದದ್ದು. ಗುಮ್ಮಟದ ಬುಡದಲ್ಲಿ ಸುತ್ತಲೂ ಒಂದು ಕಪ್ಪು ಪಟ್ಟಿ ಇದೆ. ದೂರದಿಂದ ನೋಡಿದರೆ ಕುಸುರಿ ಕೆಲಸ ಅನಿಸುತ್ತದೆ. ಹತ್ತಿರ ಹೋಗಿ ತಲೆ ಎತ್ತಿ ನೋಡಬೇಕು. ಅವು ಗಾಜಿನ ಬಾಟಲಿಗಳ ತಳ. ಕಟ್ಟುವಾಗ ದುಡ್ಡಿದ್ದವರು ದುಡ್ಡು ಕೊಟ್ಟರು. ಇಲ್ಲದವರು ಖಾಲಿ ಬಾಟಲಿ ತಂದು ಕೊಟ್ಟರು. ಅವನ್ನೇ ಸಾಲಾಗಿ ಜೋಡಿಸಿ ಗುಮ್ಮಟದ ಬುಡಕ್ಕೆ ಕೂರಿಸಿದರು. ಇದನ್ನು ನನಗೆ ಮೊದಲು ತೋರಿಸಿದ್ದು ಕಾಕ್. ಆ ಕಡೆ ಹೋದಾಗಲೆಲ್ಲ ನಾನು ಒಂದು ನಿಮಿಷ ನಿಂತು ಆ ಬಾಟಲಿಗಳನ್ನು ನೋಡಿಯೇ ಮುಂದೆ ಹೋಗುತ್ತೇನೆ.

ಕೆಫೆಯ ಗಲ್ಲಾದ ಹತ್ತಿರ ಹಲಾಲ್ ಸರ್ಟಿಫಿಕೇಟ್ ಇತ್ತು. ಸಿಂಗಾಪುರದಲ್ಲಿ ಅದನ್ನು ಕೊಡುವುದು ಮುಯಿಸ್ ಅನ್ನುವ ಇಸ್ಲಾಮಿಕ್ ಮಂಡಳಿ. 1968ರಲ್ಲಿ ಶುರುವಾದದ್ದು, ಸರ್ಟಿಫಿಕೇಟ್ ಕೊಡಲು ಹಿಡಿದದ್ದು 1978ರಿಂದ. ಸುಳ್ಳು ಹಲಾಲ್ ಚಿಹ್ನೆ ಹಾಕಿಕೊಂಡರೆ ಇಲ್ಲಿ ಅದು ಕಾನೂನಿನ ಪ್ರಕಾರ ಅಪರಾಧ. 2020ರ ಜನಗಣತಿಯಲ್ಲಿ ಹದಿನೈದು ವರ್ಷ ಮೇಲ್ಪಟ್ಟ ನಿವಾಸಿಗಳಲ್ಲಿ ಮುಸ್ಲಿಮರು ಶೇಕಡಾ 15.6. ಅಂದರೆ ಆರು ಏಳು ಜನರಲ್ಲಿ ಒಬ್ಬರು. ಯಾವುದೇ ಆಫೀಸಿನ ಗುಂಪು ಊಟಕ್ಕೆ ಹೊರಟರೆ ಆ ಒಬ್ಬರು ಅದರಲ್ಲಿ ಇದ್ದೇ ಇರುತ್ತಾರೆ ಅಲ್ವಾ.

ಆ ಒಬ್ಬರಿಗೆ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನನಗೂ ಅದೇ ಆಗುತ್ತದೆ. ನಾನು ಮೀನು, ಮಾಂಸ ತಿನ್ನುವುದಿಲ್ಲ. ಇಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಬೆಲಚನ್ ಅನ್ನುವ ಸಿಗಡಿ ಹಿಂಡಿ ಹಾಕಿರುತ್ತಾರೆ. ಸಾರಿಗೆ ಕೋಳಿ ಬೇಯಿಸಿದ ನೀರು, ಸಾಸಿಗೆ ಮೀನಿನ ರಸ. ಹಾಗಾಗಿ ಕೇಳಬೇಕು. ಪ್ರತಿ ಸಲ, ಪ್ರತಿ ಅಂಗಡಿಯಲ್ಲಿ. ಹಿಂದೆ ಸಾಲಿನಲ್ಲಿ ಹತ್ತು ಜನ ಕಾಯುತ್ತಿರುವಾಗ ಕೇಳಬೇಕು. ಭಟ್ಕಳದ ನನ್ನ ಗೆಳತಿಯ ಪ್ರಶ್ನೆಗಳೇ ಬೇರೆ, ಕೇಳುವ ಕಷ್ಟ ಒಂದೇ. ಸಾಸಿಗೆ ವೈನ್ ಹಾಕಿದ್ದೀರಾ? ಕೇಕಿಗೆ ರಮ್ ಇದೆಯಾ? ಈ ಪುಡ್ಡಿಂಗಿನ ಜೆಲಟಿನ್ ಯಾವುದರದು? ಕರಿದದ್ದು ಯಾವ ಎಣ್ಣೆಯಲ್ಲಿ, ಹಂದಿ ಕೊಬ್ಬಿನಲ್ಲಾ? ಕೇಳಿ ಕೇಳಿ ಸಾಕಾದ ದಿನ ಅವಳು ಒಂದು ಮಾತು ಹೇಳುತ್ತಾಳೆ. 'ನಂಗೆ ಹಸಿವಿಲ್ಲ, ಕಾಫಿ ಸಾಕು.'

ಪರಿಚಯವಾದ ಮೊದಲ ತಿಂಗಳಲ್ಲೇ, ಆಫೀಸಿನ ಯಾವುದೋ ಪಾರ್ಟಿಯಲ್ಲಿ, ಅವಳು ಹೀಗೆ ಹೇಳಿದ್ದನ್ನು ಕೇಳಿದೆ. ನನಗೆ ತಕ್ಷಣ ತಿಳಿಯಿತು. ಅದೇ ಮಾತನ್ನು ಅದೇ ದನಿಯಲ್ಲಿ ನಾನು ನೂರು ಸಲ ಹೇಳಿದ್ದೇನೆ. ಹೊಟ್ಟೆ ಚುರುಗುಟ್ಟುತ್ತಿರುವಾಗ ನಗುಮುಖ ಮಾಡಿ ಹೇಳುವ ಮಾತು ಅದು. ಇನ್ನೊಬ್ಬರಿಗೆ ನನ್ನಿಂದ ತೊಂದರೆ ಆಗದಿರಲಿ, ಎಲ್ಲರ ಎದುರು ನನ್ನ ಊಟವೇ ಒಂದು ಸುದ್ದಿ ಆಗದಿರಲಿ ಅಂತ ಹೇಳುವ ಮಾತು. ಪಾರ್ಟಿ ಮುಗಿದ ಮೇಲೆ ಅವಳ ಹತ್ತಿರ ಹೋಗಿ ಕನ್ನಡದಲ್ಲಿ ಕೇಳಿದೆ, 'ನಿಜವಾಗಲೂ ಹಸಿವಿಲ್ವಾ?' ಅವಳು ನನ್ನ ಮುಖ ನೋಡಿ, 'ಭಾರಿ ಹಸಿವು ಮಾರಾಯ್ತಿ' ಅಂದಳು. ಇಬ್ಬರೂ ಹೋಗಿ ಲಿಟಲ್ ಇಂಡಿಯಾದಲ್ಲಿ ಪರೋಟ ತಿಂದೆವು. ನಮ್ಮ ಗೆಳೆತನ ಶುರುವಾದದ್ದು ಅಲ್ಲಿಂದ.

ಅದಕ್ಕೇ ಆ ಶನಿವಾರ ಅವಳು ಮೆನು ಹಿಡಿದುಕೊಂಡ ರೀತಿಯನ್ನು ನಾನು ನೋಡುತ್ತಲೇ ಇದ್ದೆ. ಬೇರೆ ಕಡೆ ಅವಳು ಮೆನುವನ್ನು ಹಿಂದಿನಿಂದ ತೆರೆಯುತ್ತಾಳೆ. ಮೀನಿನ ಪುಟ ಎಲ್ಲಿದೆ ನೋಡಿ, ಅದರಲ್ಲಿ ಸಾಸ್ ಇಲ್ಲದ್ದು ಯಾವುದು ಅಂತ ಬೆರಳಿಟ್ಟು ಹುಡುಕುತ್ತಾಳೆ. ಇಲ್ಲಿ ಮೊದಲ ಪುಟದಿಂದ ಓದಲು ಶುರು ಮಾಡಿದಳು. ನಿಧಾನಕ್ಕೆ. ಒಂದೊಂದೇ ಪುಟ ತಿರುಗಿಸಿದಳು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದಳು. 'ಎಂತ ತಕೊಳ್ಳೋದು ಅಂತಲೇ ಗೊತ್ತಾಗ್ತಿಲ್ಲ' ಅಂದಳು. ತುಂಬಾ ಇರುವುದರಿಂದ ಹುಟ್ಟಿದ ಗೊಂದಲ ಅದು. ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದೇ ಮೊದಲು.

ಅಲ್ಲಿ ಕೇಳುವ ಸರದಿ ನನ್ನದಾಗಿತ್ತು. ಅಣಬೆ ಸೂಪಿಗೆ ಕೋಳಿ ನೀರು ಹಾಕುತ್ತೀರಾ ಅಂತ ಕೇಳಿದೆ. ಬಡಿಸುವ ಹುಡುಗಿ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದು, ಹೌದು ಹಾಕುತ್ತಾರೆ ಅಂದಳು. ಹಾಗಾಗಿ ಪ್ಯಾನ್‌ಕೇಕ್ ತರಿಸಿಕೊಂಡೆ. ಮೊಟ್ಟೆಯನ್ನು ನಾನು ಈ ಊರಿಗೆ ಬಂದಮೇಲೆ ರೂಢಿ ಮಾಡಿಕೊಂಡಿದ್ದೇನೆ. ಸ್ವೀಡಿಷ್ ಪ್ಯಾನ್‌ಕೇಕ್ ನಾವು ಅಂದುಕೊಳ್ಳುವ ಹಾಗೆ ದಪ್ಪ ಇರುವುದಿಲ್ಲ. ತಟ್ಟೆಯ ಬಣ್ಣ ಕಾಣುವಷ್ಟು ತೆಳು. ಅಂಚು ಕಂದು, ಬಲೆಬಲೆ. ಮಡಚಿ ಇಟ್ಟಿದ್ದನ್ನು ನೋಡಿದ ಕೂಡಲೇ ನನಗೆ ನಮ್ಮ ಮನೆಯ ತೆಳ್ಳೇವು ನೆನಪಾಯಿತು. ಆಯಿ, ಅಂದರೆ ನನ್ನ ಅಮ್ಮ, ಕಾವಲಿಯ ಮೇಲೆ ಹಿಟ್ಟು ಸವರಿ, ಬೆಂದಮೇಲೆ ಹೀಗೇ ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಹಾಕುತ್ತಾಳೆ. ಜೊತೆಗೆ ಜೋನಿ ಬೆಲ್ಲ, ತುಪ್ಪ. ಇಲ್ಲಿ ಜೋನಿ ಬೆಲ್ಲದ ಜಾಗದಲ್ಲಿ ಕೆಂಪು ಜಾಮ್ ಇತ್ತು.

ಉಳಿದ ಮೂವರೂ ಶಟ್‌ಬುಲ್ಲಾರ್ ತರಿಸಿದರು. ದನದ ಮಾಂಸದ ಸಣ್ಣ ಉಂಡೆಗಳು, ಆಲೂಗಡ್ಡೆ ಹಿಸುಕಿ ಮಾಡಿದ್ದು, ಕೆನೆ ಹಾಕಿದ ಕಂದು ಗೊಜ್ಜು, ಸೌತೆಕಾಯಿಯ ಸಿಹಿಹುಳಿ ಉಪ್ಪಿನಕಾಯಿ, ಪಕ್ಕದಲ್ಲಿ ಲಿಂಗನ್ ಹಣ್ಣಿನ ಜಾಮ್. ಸ್ವೀಡನ್ನಿನ ಮನೆಗಳಲ್ಲಿ ಈ ಉಂಡೆಗೆ ಸಾಮಾನ್ಯವಾಗಿ ದನ ಮತ್ತು ಹಂದಿ ಎರಡೂ ಮಾಂಸ ಬೆರೆಸುತ್ತಾರೆ. ಹಲಾಲ್ ಅಡುಗೆಯಲ್ಲಿ ಹಂದಿ ಇಲ್ಲ. ಉಂಡೆ ಗಟ್ಟಿಯಾಗದ ಹಾಗೆ ಬ್ರೆಡ್ ಪುಡಿಯನ್ನು ಹಾಲಿನಲ್ಲಿ ನೆನೆಸಿ ಸೇರಿಸುತ್ತಾರೆ, ಅಂತ ಕಾಕ್ ಹೇಳಿದರು. ಅವರಿಗೆ ಈ ಊಟ ಹೊಸದಲ್ಲ. ಸಿಂಗಾಪುರದ ಐಕಿಯಾ ಅಂಗಡಿಗಳ ಊಟದ ಮನೆಗೂ ಹಲಾಲ್ ಸರ್ಟಿಫಿಕೇಟ್ ಇದೆ. ಅವರ ಮಕ್ಕಳು ಈ ಉಂಡೆ ತಿನ್ನುತ್ತಲೇ ಬೆಳೆದವರು. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಐಕಿಯಾ ತೆರೆದಾಗ ಅಲ್ಲಿ ಕೋಳಿಯದೂ ತರಕಾರಿಯದೂ ಉಂಡೆ ಇಟ್ಟರು. ತಿನ್ನುವವರು ಯಾರು ಅಂತ ನೋಡಿಕೊಂಡು ಉಂಡೆ ಬದಲಾಗುತ್ತಾ ಹೋಗುತ್ತದೆ.

ಸ್ವೀಡನ್ನಿಗೆ ಹೊರಟ ಹುಡುಗ ಒಂದು ತಿಂಗಳಿಂದ ಆ ದೇಶದ ಬಗ್ಗೆ ಓದುತ್ತಿದ್ದ. ಈ ಮಾಂಸದ ಉಂಡೆಯ ಮೂಲ ಟರ್ಕಿ ಅಂತ 2018ರಲ್ಲಿ ಸ್ವೀಡನ್ನಿನ ಅಧಿಕೃತ ಟ್ವಿಟರ್ ಖಾತೆಯಲ್ಲೇ ಹಾಕಿದ್ದರಂತೆ. ಜಗತ್ತಿನ ಪೇಪರುಗಳಲ್ಲೆಲ್ಲ ಅದು ಸುದ್ದಿಯಾಗಿತ್ತು. ಸ್ವೀಡನ್ನಿನ ಹನ್ನೆರಡನೇ ಚಾರ್ಲ್ಸ್ ಅನ್ನುವ ರಾಜ 1709ರಲ್ಲಿ ಪೋಲ್ತಾವಾದಲ್ಲಿ ರಷ್ಯದ ಎದುರು ಸೋತು, ಓಡಿಹೋಗಿ ತುರ್ಕಿ ಸುಲ್ತಾನನ ಆಶ್ರಯ ಪಡೆದ. ಬೆಂದರ್ ಊರಿನ ಬಳಿ ವರ್ಷಗಟ್ಟಲೆ ಉಳಿದ. 1714ರಲ್ಲಿ ಅಲ್ಲಿಂದ ಹೊರಟು, 1715ರ ಕೊನೆಗೆ ಸ್ವೀಡನ್ನಿಗೆ ವಾಪಸು ಬಂದ. ಮಾಂಸದ ಉಂಡೆಯನ್ನು ಅವನೇ ತಂದ ಅನ್ನುವುದನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಮಾಡುವ ಕೋಲ್‌ದೋಲ್ಮಾರ್ ಅನ್ನುವ ಅಡುಗೆ ತುರ್ಕಿಯ ದೋಲ್ಮಾದಿಂದ ಬಂದದ್ದು ಅನ್ನುವುದು ಹೆಸರಲ್ಲೇ ಇದೆ. ಹದಿನೆಂಟನೇ ಶತಮಾನದ ಸ್ವೀಡಿಷ್ ಅಡುಗೆ ಪುಸ್ತಕವೊಂದರಲ್ಲಿ ದೋಲ್ಮಾ ಇದೆ. ಚಳಿ ದೇಶದಲ್ಲಿ ದ್ರಾಕ್ಷಿ ಎಲೆ ಎಲ್ಲಿ ಸಿಗಬೇಕು? ಕೋಸಿನ ಎಲೆಯಲ್ಲಿ ಸುತ್ತಿದರು.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಬೇರೆ. ರಾಜ ಅಲ್ಲಿ ಇದ್ದಷ್ಟು ದಿನ ಸಾಲ ಮಾಡಿದ್ದ. ಸಾಲ ಕೊಟ್ಟವರು ಅವನ ಹಿಂದೆಯೇ ಸ್ವೀಡನ್ನಿಗೆ ಬಂದು ಕೂತರು. ಅವರಲ್ಲಿ ಮುಸ್ಲಿಮರೂ ಇದ್ದರು, ಯೆಹೂದಿಗಳೂ ಇದ್ದರು. ಅವರು ಇರುವಷ್ಟು ಕಾಲ ತಮ್ಮ ತಮ್ಮ ಧರ್ಮದ ಪ್ರಕಾರ ಪೂಜೆ ಪ್ರಾರ್ಥನೆ ಮಾಡಿಕೊಳ್ಳಬಹುದು ಅಂತ ರಾಜ ಅಪ್ಪಣೆ ಕೊಟ್ಟ. ಲೂಥರನ್ ಪಂಥ ಬಿಟ್ಟು ಬೇರೆ ಯಾವುದಕ್ಕೂ ಜಾಗವಿಲ್ಲದ ದೇಶ ಅದು ಆಗ. ಮುನ್ನೂರು ವರ್ಷದ ಹಿಂದೆ ಆ ಚಳಿಯಲ್ಲಿ ಅವರು ಏನು ತಿಂದಿರಬಹುದು? ಮಾಂಸ ಯಾರು ಕೊಯ್ದು ಕೊಟ್ಟರು? ಅವರಿಗೂ ಎಷ್ಟು ಸಲ 'ಹಸಿವಿಲ್ಲ' ಅನ್ನಬೇಕಾಯಿತೋ.

ನಾನು ಹೀಗೆ ಯೋಚಿಸುತ್ತಾ ಕೂತಿರುವಾಗ ಗೆಳತಿ ಮೊದಲ ತುತ್ತು ತಿಂದಳು. ಉಂಡೆಯನ್ನು ಫೋರ್ಕಿನಿಂದ ಎರಡು ಮಾಡಿ, ಗೊಜ್ಜಿನಲ್ಲಿ ಒರೆಸಿ, ಮೇಲೆ ಒಂಚೂರು ಜಾಮ್ ಇಟ್ಟುಕೊಂಡು ಬಾಯಿಗೆ ಹಾಕಿಕೊಂಡಳು. ಮಾಂಸಕ್ಕೆ ಜಾಮ್ ಯಾಕೆ ಅಂತ ಅದುವರೆಗೆ ಅನುಮಾನ ಪಡುತ್ತಿದ್ದವಳು. ಕಣ್ಣು ಮುಚ್ಚಿ ಅಗಿದಳು. 'ಹುಳಿ ಬೇಕಿತ್ತು ಇದಕ್ಕೆ' ಅಂದಳು, ಒಪ್ಪಿಕೊಂಡ ಹಾಗೆ. ನಾನೂ ಆ ಜಾಮನ್ನು ಪ್ಯಾನ್‌ಕೇಕಿಗೆ ಸವರಿಕೊಂಡು ತಿಂದೆ. ಮೊದಲು ಸಿಹಿ, ಹಿಂದೆಯೇ ಒಗರು ಬೆರೆತ ಹುಳಿ. ನಮ್ಮ ಬೆಟ್ಟದ ಕವಳಿಹಣ್ಣು ತಿಂದ ಹಾಗಾಯಿತು. ಲಿಂಗನ್ ಹಣ್ಣನ್ನು ಅಲ್ಲಿ ಯಾರೂ ಹೊಲದಲ್ಲಿ ಬೆಳೆಯಬೇಕಿಲ್ಲ. ಕಾಡಿನಲ್ಲಿ ತಾನಾಗಿಯೇ ಆಗುತ್ತದೆ. ಕಾಡು ಯಾರದೇ ಆಗಿರಲಿ, ಯಾರು ಬೇಕಾದರೂ ಹೋಗಿ ಕೊಯ್ದುಕೊಳ್ಳಬಹುದು ಅನ್ನುವ ಹಕ್ಕು ಆ ದೇಶದಲ್ಲಿ ಎಲ್ಲರಿಗೂ ಇದೆ.

ಊಟದ ನಂತರ ಕಾಫಿ. ಅದರ ಜೊತೆ ಏಲಕ್ಕಿ ಬನ್.

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಹಿಟ್ಟನ್ನು ಉದ್ದಕ್ಕೆ ಕತ್ತರಿಸಿ, ತಿರುಚಿ, ಗಂಟು ಹಾಕಿ ಬೇಯಿಸಿದ ಬನ್ನು. ಒಳಗಿನ ಪದರಗಳಲ್ಲಿ ಬೆಣ್ಣೆ, ಸಕ್ಕರೆ, ಏಲಕ್ಕಿ. ನಾವು ಪಾಯಸಕ್ಕೆ ಹಾಕುವಾಗ ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡುತ್ತೇವೆ. ಅದರ ಪರಿಮಳ ಬೇಕು, ಕಾಣುವುದು ಬೇಡ. ಇವರು ತರಿತರಿಯಾಗಿ ಕುಟ್ಟುತ್ತಾರೆ. ಕಪ್ಪು ಬೀಜದ ಚೂರುಗಳು ಹಿಟ್ಟಿನಲ್ಲಿ ಎದ್ದು ಕಾಣುತ್ತವೆ. ಅಗಿದಾಗ ಹಲ್ಲಿಗೆ ಸಿಕ್ಕಿ ಕಟುಂ ಅನ್ನುತ್ತವೆ, ಆಮೇಲೆ ತಣ್ಣಗಿನ ಖಾರ ಮೂಗಿಗೆ ಏರುತ್ತದೆ. ನಾನು ಬನ್ ಬಿಡಿಸಿದ ಕೂಡಲೇ ಮೂಗಿಗೆ ಬಂದದ್ದು ನಮ್ಮ ಮನೆಯ ಅಟ್ಟದ ವಾಸನೆ.

ನಮ್ಮದು ಅಡಿಕೆ ತೋಟ. ಅಡಿಕೆ ಮರದ ನೆರಳಿನಲ್ಲಿ ಏಲಕ್ಕಿ. ಏಲಕ್ಕಿ ಗಿಡ ಆಳೆತ್ತರಕ್ಕಿಂತ ಮೇಲೆ ಹೋದರೂ ಹೂವು ಕಾಯಿ ಬಿಡುವುದು ಮಾತ್ರ ಬುಡದಲ್ಲಿ, ನೆಲಕ್ಕೆ ಹರಡಿದ ಗೊನೆಗಳಲ್ಲಿ. ಕೊಯ್ಯುವವರು ಮಳೆಗಾಲದ ಒದ್ದೆ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬೆಳೆದ ಕಾಯಿ ಯಾವುದು ಎಳಸು ಯಾವುದು ಅಂತ ಒಂದೊಂದೇ ನೋಡಿ ಕೊಯ್ಯಬೇಕು. ಇಂಬಳ ಕಾಲಿಗೆ ಹತ್ತುತ್ತಿರುತ್ತದೆ. ತಂದದ್ದನ್ನು ಒಲೆಯ ಶಾಖ ಬರುವ ಅಟ್ಟದಲ್ಲಿ ಹರಡಿ ಒಣಗಿಸುತ್ತಿದ್ದೆವು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಕಟ್ಟೆರೋಗ ಬಂದು ಅರ್ಧ ಗಿಡ ಹೋಯಿತು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆಯುವ ದೇಶಗಳಲ್ಲಿ ಗ್ವಾಟೆಮಾಲಾ ಒಂದು. ಅಲ್ಲಿಗೆ ಆ ಗಿಡ ಹೋದದ್ದು ಇಪ್ಪತ್ತನೇ ಶತಮಾನದಲ್ಲಿ. ಆ ಬನ್ನಿನ ಏಲಕ್ಕಿ ಎಲ್ಲಿಯದೋ. ವಾಸನೆ ಮಾತ್ರ ನಮ್ಮನೆಯದೇ.

ಗೆಳತಿಗೆ ಅದನ್ನು ಹೇಳಿದೆ. ಕಾಕ್ ಮತ್ತು ಆ ಹುಡುಗ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾವಿಬ್ಬರು ಕನ್ನಡಕ್ಕೆ ಹೊರಳಿದ್ದೆವು. ಏಲಕ್ಕಿ ಮಾತು ಬಂದಮೇಲೆ ಏಲಕ್ಕಿ ಸಾಬರ ಮಾತು ಬರದೆ ಇರುವುದಿಲ್ಲ. ಅವರು ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಏಲಕ್ಕಿ ಕೊಳ್ಳಲು ಬರುತ್ತಿದ್ದರು. ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಅಂಗಳದಲ್ಲಿ ಚಪ್ಪಲಿ ಬಿಟ್ಟು ಜಗಲಿಯ ತುದಿಗೆ ಕೂರುತ್ತಿದ್ದರು. ನನಗೆ ಪೆಪ್ಪರ್‌ಮಿಂಟ್ ತರುತ್ತಿದ್ದರು. ಒಂದು ಹಿಡಿ ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಂದನ್ನು ಒಡೆದು ಬೀಜ ಬಾಯಿಗೆ ಹಾಕಿಕೊಂಡು ರೇಟು ಹೇಳುತ್ತಿದ್ದರು. ಅಜ್ಜ ಅವರ ಮಾತನ್ನು ತಕರಾರಿಲ್ಲದೆ ನಂಬುತ್ತಿದ್ದ.

ಅವರಿಗೆ ಚಹಾ ಕೊಡಲು ಒಂದು ಲೋಟ ಇತ್ತು. ಜಗಲಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿದ್ದರು. ಅವರೇ ಕೈ ಎತ್ತಿ ಅದನ್ನು ತೆಗೆದುಕೊಳ್ಳುತ್ತಿದ್ದರು. ಅಮ್ಮಮ್ಮ ಮೇಲಿನಿಂದ ಚಹಾ ಹೊಯ್ಯುತ್ತಿದ್ದಳು. ಕುಡಿದಾದ ಮೇಲೆ ಅವರೇ ಅಂಗಳದ ನೀರಿನಲ್ಲಿ ತೊಳೆದು, ಮತ್ತೆ ಅದೇ ಸಂದಿಗೆ ಸಿಕ್ಕಿಸಿ ಹೋಗುತ್ತಿದ್ದರು. ಅವರು ಕೊಟ್ಟ ಪೆಪ್ಪರ್‌ಮಿಂಟನ್ನು ನಾನು ತಿನ್ನಬಹುದಿತ್ತು, ಅದಕ್ಕೆ ಕಾಗದ ಸುತ್ತಿರುತ್ತಿತ್ತಲ್ಲ. ನಾನು ಅಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಣ್ಣವಳು ಅಂತ ಹೇಳಿಕೊಂಡರೆ ಸಮಾಧಾನ ಆಗುವುದಿಲ್ಲ. ಹೈಸ್ಕೂಲು ಮುಗಿಯುವವರೆಗೂ ಆ ಲೋಟ ನನ್ನ ಕಣ್ಣೆದುರೇ ಇತ್ತು.

ಇದನ್ನು ಅವಳಿಗೆ ಹೇಳಬೇಕು ಅಂತ ನಾನು ಯೋಚನೆ ಮಾಡಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಹೇಳುವಾಗ ದನಿ ಸಣ್ಣದಾಯಿತು. ಅವಳು ಬನ್ನಿನ ಚೂರನ್ನು ತಟ್ಟೆಯಲ್ಲಿ ಬೆರಳಿನಿಂದ ಒತ್ತಿ ಎತ್ತುತ್ತಾ ಕೇಳಿಸಿಕೊಂಡಳು.

'ಗೊತ್ತುಂಟು ಮಾರಾಯ್ತಿ' ಅಂದಳು. 'ನನ್ನ ಅಜ್ಜನೂ ಅಡಿಕೆ ವ್ಯಾಪಾರಕ್ಕೆ ಘಟ್ಟ ಹತ್ತುತ್ತಿದ್ದ. ಮನೆಗೆ ಬಂದು ಹೇಳ್ತಿದ್ದ, ಭಟ್ಟರ ಮನೆ ಮಜ್ಜಿಗೆ ಭಾರಿ ರುಚಿ ಅಂತ. ಲೋಟದ ಸುದ್ದಿ ಅವನು ಯಾವತ್ತೂ ಹೇಳ್ಲಿಲ್ಲ. ಅವನು ಹೋದಮೇಲೆ ಅಜ್ಜಿ ಹೇಳಿದ್ದು.'

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಹಾಕರ್ ಸೆಂಟರಿನ ಆ ಎರಡು ಸ್ಟ್ಯಾಂಡ್ ನೆನೆಸಿಕೊಂಡೆ. ಅದೂ ಬೇರೆ ತಟ್ಟೆಯೇ. ಆದರೆ ಅದನ್ನು ಬೇರೆ ಇಟ್ಟದ್ದು ಅವಳ ಸಲುವಾಗಿ. ನಮ್ಮ ಮನೆಯ ಲೋಟವನ್ನು ಬೇರೆ ಇಟ್ಟದ್ದು ನಮ್ಮ ಸಲುವಾಗಿ. ಮಜ್ಜಿಗೆ ರುಚಿಯಾಗಿತ್ತು ಅಂತ ಮಾತ್ರ ಮನೆಯಲ್ಲಿ ಹೇಳಿ, ಉಳಿದದ್ದನ್ನು ನುಂಗಿಕೊಂಡ ಆ ಮನುಷ್ಯನ ಮುಖ ನಾನು ನೋಡಿಲ್ಲ. ಈಗಲೂ ಎಷ್ಟೋ ಸಲ ಕಣ್ಣ ಮುಂದೆ ಬರುತ್ತದೆ.

ಕಾಫಿ ತಣ್ಣಗಾಗುತ್ತಿತ್ತು. ಕಾಕ್ ನಮ್ಮಿಬ್ಬರ ಮುಖ ನೋಡಿ, ಏನು ಅಂತ ಕೇಳಲಿಲ್ಲ. ಗೆಳತಿಯ ಕಪ್ಪನ್ನು ಅವಳ ಕಡೆ ಸರಿಸಿದರು. ಆಗ ನಾನು ಮಾತು ಬದಲಿಸಲು ಬಾಬಾ ಬುಡನ್ ಕಥೆ ಹೇಳಿದೆ. ಹದಿನೇಳನೇ ಶತಮಾನದಲ್ಲಿ ಆ ಸೂಫಿ ಸಂತ ಹಜ್ ಮುಗಿಸಿ ಬರುವಾಗ ಯೆಮೆನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅಂತ ನಮ್ಮಲ್ಲಿ ಎಲ್ಲ ಮಕ್ಕಳಿಗೂ ಹೇಳುತ್ತಾರೆ. ಕಾಕ್‌ಗೆ ಇದು ಹೊಸ ವಿಷಯ. ನಮ್ಮಲ್ಲೂ ಮಲಯ್ ಮಂದಿ ಕಾಫಿಗೆ ಕೋಪಿ ಅನ್ನುತ್ತೇವೆ, ಅದರ ಮೂಲವೂ ಅರಬ್ಬಿ ಮಾತೇ ಅಂದರು. ಹುಡುಗ ಸ್ವೀಡನ್ನಿನದು ಹೇಳಿದ. ಅಲ್ಲಿ 1756ರಲ್ಲಿ ಕಾಫಿಯನ್ನೇ ನಿಷೇಧ ಮಾಡಿದ್ದರಂತೆ. ತೆಗೆದರು, ಮತ್ತೆ ಹಾಕಿದರು, 1820ರ ದಶಕದವರೆಗೂ ಹೀಗೇ ನಡೆಯಿತು. ಜನ ಬಿಡಲಿಲ್ಲ. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಅವರೂ ಸೇರಿದ್ದಾರೆ.

ನಾವು ಮೂರು ಗಂಟೆ ಕೂತೆವು. ಯಾರೂ ಎಬ್ಬಿಸಲಿಲ್ಲ. ಹೊರಗೆ ಬಂದಾಗ ಅಸರ್ ನಮಾಜಿನ ಹೊತ್ತು. ಕಾಕ್ ಮತ್ತು ಗೆಳತಿ ಮಸೀದಿಗೆ ಹೋದರು. ನಾನು ಮತ್ತು ಆ ಹುಡುಗ ಬುಸೊರಾ ಸ್ಟ್ರೀಟಿನ ಕಟ್ಟೆಯ ಮೇಲೆ ಕೂತು ಕಾದೆವು. ಅವನಿಗೆ ನಾನು ಗುಮ್ಮಟದ ಬುಡದ ಬಾಟಲಿಗಳನ್ನು ತೋರಿಸಿದೆ. ಇದೇ ಊರಲ್ಲಿ ಹುಟ್ಟಿದವನು, ಗೊತ್ತೇ ಇರಲಿಲ್ಲ ಅಂದ. ಹೊರಡುವ ಮೊದಲು ನೋಡಿದ್ದು ಒಳ್ಳೆಯದಾಯಿತು ಅಂತ ಎದ್ದು ಹೋಗಿ ತುಂಬಾ ಹೊತ್ತು ನೋಡಿದ.

ಬಸ್ ಸ್ಟಾಪಿನಲ್ಲಿ ಗೆಳತಿ ಹೇಳಿದಳು, 'ಊರಿಗೆ ಹೋದಾಗ ನಿಮ್ಮ ತೋಟದ ಏಲಕ್ಕಿ ತಕೊಂಡು ಬಾ. ಆ ಬನ್ ನಮ್ಮ ಮನೇಲಿ ಮಾಡುವ. ನಂಗೆ ಓವನ್ ಉಂಟು.'

ಡಿಸೆಂಬರಿನಲ್ಲಿ ಊರಿಗೆ ಹೋದೆ. ಹೊರಡುವ ಹಿಂದಿನ ದಿನ ಆಯಿಯ ಹತ್ತಿರ ಏಲಕ್ಕಿ ಕೇಳಿದೆ. ಈಗ ಮಾರುವಷ್ಟು ಆಗುವುದಿಲ್ಲ, ಮನೆಖರ್ಚಿಗೆ ಆಗುವಷ್ಟು. ಯಾರಿಗೆ ಅಂತ ಕೇಳಿದಳು. ಭಟ್ಕಳದ ಗೆಳತಿಗೆ ಅಂದೆ. ಆಯಿ ಸುಮ್ನೆ ಒಳಗೆ ಹೋಗಿ ಡಬ್ಬಿ ತಂದು ಗೆರಸಿಗೆ ಸುರುವಿದಳು. ಜಗಲಿಯಲ್ಲಿ ಕೂತು ಆರಿಸಲು ಶುರು ಮಾಡಿದಳು. ಒಡೆದದ್ದು, ಬಿಳಿಚಿದ್ದು ಪಕ್ಕಕ್ಕೆ. ಹಸಿರು ಬಣ್ಣ ಉಳಿದ ದೊಡ್ಡ ಕಾಯಿಗಳು ನನ್ನ ಚೀಲಕ್ಕೆ.

ನಾನು ಮಾಡಿನ ಕಡೆ ನೋಡಿದೆ. ಹೆಂಚು ಬದಲಾಯಿಸಿದ್ದಾರೆ, ಸಂದಿ ಹಾಗೇ ಇದೆ. ಲೋಟ ಇರಲಿಲ್ಲ.

'ಆ ಲೋಟ ಎಲ್ಲಿ ಹೋತು ಆಯಿ?' ಅಂತ ಕೇಳಿದೆ. ಯಾವ ಲೋಟ ಅಂತ ಅವಳು ಕೇಳಲಿಲ್ಲ. ಆರಿಸುತ್ತಿದ್ದ ಕೈ ಒಂದು ಕ್ಷಣ ನಿಂತು, ಮತ್ತೆ ಆರಿಸತೊಡಗಿತು. ಚೀಲ ತುಂಬಿತು. ಬಾಯಿ ಕಟ್ಟುವ ಮೊದಲು ಇನ್ನೊಂದು ಹಿಡಿ ಹಾಕಿದಳು.

'ನಿನ್ನ ಗೆಳತಿ ಊರಿಗೆ ಬಂದಾಗ ನಮ್ಮನೆಗೆ ಬಪ್ಪಲೆ ಹೇಳು' ಅಂದಳು. 'ಅದಕ್ಕೆ ಎಂತ ಆಗ್ತು, ಎಂತ ಆಗ್ತಿಲ್ಲೆ, ಮೊದ್ಲೇ ಕೇಳ್ಕ.'